ಗುಣವಂತನ ‘ಗುಣ’ವೂ ಗುಣಾಕಾರದ ‘ಗುಣ’ವೂ ಒಂದೇ ಪದವೇ?

ಪದಸಂಗ್ರಾಹಕ
ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಸಣ್ಣ ಅರ್ಥಕೋಶವನ್ನು ಸಿದ್ಧಪಡಿಸುತ್ತಿದ್ದೇನೆ. ಗಕಾರಕ್ಕೆ ಬಂದಾಗ ‘ಗುಣ’ ಎಂಬ ಪದ ನನ್ನನ್ನು ತಡೆದು ನಿಲ್ಲಿಸಿದೆ. ಗಣಿತದ ಪುಸ್ತಕದಲ್ಲಿ ಗುಣಕ, ಗುಣ್ಯ, ಗುಣಲಬ್ಧ, ಗುಣೋತ್ತರ ಶ್ರೇಢಿ ಎಂದಿದೆ. ವ್ಯಾಕರಣದಲ್ಲಿ ಗುಣಸಂಧಿಯೂ ಗುಣವಾಚಕವೂ ಇವೆ. ವಿಜ್ಞಾನದ ಪಾಠ ಲೋಹಗಳ ಗುಣಧರ್ಮಗಳನ್ನು ಹೇಳುತ್ತದೆ. ಮನೆಯಲ್ಲಿ ಹಿರಿಯರು ‘ಅವನ ಗುಣ ಒಳ್ಳೆಯದು’ ಎನ್ನುತ್ತಾರೆ, ‘ಜ್ವರ ಗುಣವಾಯಿತು’ ಎಂದೂ ಹೇಳುತ್ತಾರೆ. ಒಂದೇ ಮಗು ಒಂದೇ ದಿನದಲ್ಲಿ ಈ ಎಲ್ಲವನ್ನೂ ಕೇಳುತ್ತದೆ, ಆದರೆ ಇವುಗಳ ನಡುವಿನ ನಂಟೇನು ಎಂದು ಯಾರೂ ಅದಕ್ಕೆ ಹೇಳುವುದಿಲ್ಲ.

ನನ್ನ ಪ್ರಶ್ನೆ ಇಷ್ಟೆ. ಇದನ್ನು ಒಂದೇ ಮುಖ್ಯಪದವೆಂದು ಇಟ್ಟು ಅದರ ಕೆಳಗೆ ಅರ್ಥಗಳನ್ನು ಕೊಡಬೇಕೇ, ಅಥವಾ ‘ಹತ್ತು’ ಎಂಬ ಸಂಖ್ಯೆಯನ್ನೂ ‘ಹತ್ತು’ ಎಂಬ ಕ್ರಿಯಾಪದವನ್ನೂ ಬೇರೆ ಬೇರೆ ನಮೂದುಗಳಾಗಿ ಕೊಡುವಂತೆ ಇದನ್ನೂ ಒಡೆದು ಕೊಡಬೇಕೇ? ಆಯಾ ಕ್ಷೇತ್ರದವರು ತಮ್ಮ ಕ್ಷೇತ್ರದ ಅರ್ಥವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಲೆಕ್ಕದ ಮೇಷ್ಟ್ರು
ಒಡೆದೇ ಕೊಡಿ. ಐದನ್ನು ಏಳರಿಂದ ಗುಣಿಸುವಾಗ ಯಾರ ಸ್ವಭಾವವೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಗುಣಾಕಾರ ಒಂದು ಕ್ರಿಯೆ, ಗುಣ ಒಂದು ಲಕ್ಷಣ. ಎರಡನ್ನೂ ಒಂದೇ ನಮೂದಿನಲ್ಲಿ ಇಟ್ಟರೆ ಮಕ್ಕಳಿಗೆ ಗೊಂದಲವಲ್ಲದೆ ಬೇರೇನೂ ಸಿಗದು.

ಹಳಗನ್ನಡದ ಓದುಗ
ಮೇಷ್ಟ್ರೇ, ಇದನ್ನು ಒಪ್ಪಲಾರೆ. ‘ಹತ್ತು’ವಿನ ವಿಷಯ ಬೇರೆ. ಅಲ್ಲಿ ಎರಡು ಪದಗಳು ಉಚ್ಚಾರಣೆಯಲ್ಲಿ ಆಕಸ್ಮಿಕವಾಗಿ ಒಂದಾಗಿವೆ. ‘ಅರಸು’ ಎಂದರೆ ರಾಜ, ‘ಅರಸು’ ಎಂದರೆ ಹುಡುಕು ಎಂಬಲ್ಲಿಯೂ ಹಾಗೆಯೇ. ಆದರೆ ‘ಗುಣ’ ಒಂದೇ ಪದ. ಅದರ ಹಳೆಯ ಅರ್ಥ ನೂಲು, ಹಗ್ಗದ ಎಳೆ. ಅಥರ್ವವೇದದ 10ನೆಯ ಕಾಂಡದಲ್ಲಿ ಒಂಬತ್ತು ಬಾಗಿಲುಗಳ ತಾವರೆಯೊಂದು ಮೂರು ಗುಣಗಳಿಂದ ಸುತ್ತುವರಿದಿದೆ ಎಂಬ ಮಾತಿದೆ. ಅಲ್ಲಿ ಗುಣವೆಂದರೆ ಎಳೆಯೇ. ಬಿಲ್ಲಿನ ಹೆದೆಗೂ ಗುಣವೆಂದು ಹೆಸರು, ಹಾರದ ದಾರಕ್ಕೂ ಅದೇ ಹೆಸರು.

ಈಗ ಗುಣಾಕಾರಕ್ಕೆ ಬನ್ನಿ. ಒಂದು ಹಗ್ಗವನ್ನು ಎರಡು ಎಳೆಯಾಗಿ ಹೊಸೆದರೆ ಅದು ದ್ವಿಗುಣ, ಮೂರು ಎಳೆಯಾಗಿ ಹೊಸೆದರೆ ತ್ರಿಗುಣ. ಎಳೆಗಳನ್ನು ಎಣಿಸುವ ಮಾತೇ ಮುಂದೆ ‘ಎರಡು ಪಟ್ಟು’, ‘ಮೂರು ಪಟ್ಟು’ ಎಂಬ ಅರ್ಥಕ್ಕೆ ತಿರುಗಿತು. ಅಲ್ಲಿಂದ ‘ಗುಣಿಸು’ ಎಂಬ ಕ್ರಿಯಾಪದ ಬಂದಿತು. ಹಾಗಾಗಿ ನಿಮ್ಮ ಏಳು ಐದಲ ಮೂವತ್ತೈದರಲ್ಲಿಯೂ ಆ ಎಳೆ ಇದ್ದೇ ಇದೆ.

ಕುತೂಹಲಿ
ಹಾಗಾದರೆ ಸತ್ತ್ವ, ರಜಸ್ಸು, ತಮಸ್ಸು ಎಂಬ ತ್ರಿಗುಣಗಳು ಕೂಡ ಹಗ್ಗದ ಎಳೆಗಳೇ?

ದರ್ಶನಾಸಕ್ತೆ
ಹೌದು. ಅದನ್ನು ನೆನಪಿನಲ್ಲಿಡದೆ ಸಾಂಖ್ಯದರ್ಶನವನ್ನು ಓದಿದರೆ ಬುಡವೇ ತಪ್ಪುತ್ತದೆ. ನಾವು ‘ಗುಣ’ ಎಂದೊಡನೆ ಯಾವುದೋ ವಸ್ತುವಿಗೆ ಅಂಟಿಕೊಂಡಿರುವ ಲಕ್ಷಣವನ್ನು ಊಹಿಸಿಕೊಳ್ಳುತ್ತೇವೆ. ಹೂವು ವಸ್ತು, ಕೆಂಪು ಅದರ ಗುಣ ಎನ್ನುತ್ತೇವೆ. ಸಾಂಖ್ಯದಲ್ಲಿ ಹಾಗಿಲ್ಲ. ಸತ್ತ್ವ, ರಜಸ್ಸು, ತಮಸ್ಸುಗಳು ಪ್ರಕೃತಿಗೆ, ಅಂದರೆ ಜಗತ್ತಿನ ಮೂಲದ್ರವ್ಯಕ್ಕೆ, ಅಂಟಿದ ಲಕ್ಷಣಗಳಲ್ಲ, ಪ್ರಕೃತಿ ಎಂಬುದೇ ಆ ಮೂರರಿಂದ ಆಗಿರುವುದು. ಮೂರು ಎಳೆ ಸೇರಿ ಹಗ್ಗವಾಗುತ್ತದೆಯೇ ಹೊರತು ಹಗ್ಗವೊಂದು ಮೊದಲೇ ಇದ್ದು ಅದಕ್ಕೆ ಎಳೆಗಳೆಂಬ ಲಕ್ಷಣ ಬರುವುದಿಲ್ಲ. ಭಗವದ್ಗೀತೆಯ 14ನೆಯ ಅಧ್ಯಾಯವು ಈ ಗುಣಗಳು ದೇಹಿಯನ್ನು ‘ಕಟ್ಟುತ್ತವೆ’ ಎಂದು ಹೇಳುತ್ತದೆ. ಲಕ್ಷಣ ಕಟ್ಟುವುದಿಲ್ಲ, ಹಗ್ಗ ಕಟ್ಟುತ್ತದೆ.

ವೈಶೇಷಿಕ ಎಂಬ ಇನ್ನೊಂದು ದರ್ಶನದಲ್ಲಿ ಇದೇ ಪದದ ಅರ್ಥ ಪೂರ್ತಿ ಬೇರೆ. ಅಲ್ಲಿ ದ್ರವ್ಯ, ಗುಣ, ಕರ್ಮ ಎಂದು ಪದಾರ್ಥಗಳ ವಿಂಗಡಣೆಯಿದೆ. ಗುಣ ಎಂದಿಗೂ ದ್ರವ್ಯವನ್ನು ಆಶ್ರಯಿಸಿಯೇ ಇರುತ್ತದೆ, ಮತ್ತು ಗುಣಕ್ಕೆ ಇನ್ನೊಂದು ಗುಣವಿರುವುದಿಲ್ಲ. ಕಣಾದನ ಸೂತ್ರದಲ್ಲಿ 17 ಗುಣಗಳು, ಪ್ರಶಸ್ತಪಾದನ ಭಾಷ್ಯದಲ್ಲಿ ಅವು 24. ಆ ಪಟ್ಟಿಯಲ್ಲಿ ಬಣ್ಣ, ರುಚಿ, ವಾಸನೆಗಳ ಜೊತೆಗೆ ದುಃಖ, ದ್ವೇಷ ಮತ್ತು ಅಧರ್ಮಗಳೂ ಇವೆ. ಶಾಸ್ತ್ರದಲ್ಲಿ ಗುಣವೆಂದರೆ ‘ಒಳ್ಳೆಯದು’ ಎಂದೇನೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ. ಮೇಷ್ಟ್ರಿಗೆ ಇನ್ನೊಂದು ಮಾತು: ಆ 24ರಲ್ಲಿ ‘ಸಂಖ್ಯೆ’ಯೂ ಒಂದು ಗುಣ.

ಲೆಕ್ಕದ ಮೇಷ್ಟ್ರು
ಸಂಖ್ಯೆಯನ್ನು ಗುಣವೆಂದು ಎಣಿಸಿದ್ದಾರೆ ಎಂಬುದು ನನಗೆ ಹೊಸ ವಿಷಯವಲ್ಲ, ಆದರೆ ಅದರಿಂದ ಗುಣಾಕಾರಕ್ಕೆ ಏನೂ ಸಿದ್ಧವಾಗುವುದಿಲ್ಲ. ಪದದ ಹುಟ್ಟು ಒಂದು ಸಂಗತಿ, ಇಂದಿನ ಅರ್ಥ ಇನ್ನೊಂದು ಸಂಗತಿ. ಹಳೆಯ ಗಣಿತಗ್ರಂಥಗಳು ಗುಣಾಕಾರಕ್ಕೆ ‘ಹನನ’, ‘ವಧ’ ಎಂಬ ಪದಗಳನ್ನೂ ಬಳಸಿವೆ. ಎರಡಕ್ಕೂ ಕೊಲ್ಲುವುದು ಎಂಬ ಅರ್ಥವಿದೆ. ಹಾಗೆಂದು ಗುಣಾಕಾರವನ್ನು ಕಲಿಸುವಾಗ ನಾವು ಕೊಲೆಯ ವಿವರಣೆಯನ್ನು ಕೊಡುತ್ತೇವೆಯೇ?

ಗಣಿತದಲ್ಲಿ ಪದಕ್ಕೆ ವ್ಯಾಖ್ಯೆಯೇ ಅರ್ಥ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ‘ಗುಣಸಂಕಲಿತ’ ಎಂದಾಗ ಅದಕ್ಕೆ ಒಂದೇ ಅರ್ಥ: ಪ್ರತಿಯೊಂದು ಪದವೂ ಹಿಂದಿನ ಪದದ ಇಂತಿಷ್ಟು ಪಟ್ಟು ಇರುವ ಶ್ರೇಢಿಯ ಮೊತ್ತ. ಒಂದು, ಎರಡು, ನಾಲ್ಕು, ಎಂಟು ಎಂದು ದ್ವಿಗುಣಿಸುತ್ತಾ ಹೋದರೆ ಹತ್ತನೆಯ ಬಾರಿಗೆ 1024 ಬರುತ್ತದೆ. ಆ ಲೆಕ್ಕಕ್ಕೆ ಹಗ್ಗದ ನೆನಪು ಬೇಕಾಗಿಲ್ಲ.

ಭಾಷಾಶಾಸ್ತ್ರದ ವಿದ್ಯಾರ್ಥಿನಿ
ಲೆಕ್ಕ ಮಾಡಲು ಬೇಕಾಗಿಲ್ಲ ಎಂಬುದು ಸರಿ, ಆದರೆ ಅರ್ಥಕೋಶ ಬರೆಯಲು ಬೇಕು. ಮೇಷ್ಟ್ರೇ, ‘ಹನನ’ದ ಉದಾಹರಣೆ ನಿಮ್ಮ ವಾದಕ್ಕೆ ಅಷ್ಟಾಗಿ ನೆರವಾಗುವುದಿಲ್ಲ. ‘ಹನನ’ ಎಂಬ ಪದಕ್ಕೂ ಅರ್ಥಕೋಶದಲ್ಲಿ ಒಂದೇ ನಮೂದು ಇರುತ್ತದೆ, ಕೊಲ್ಲುವುದು ಮೊದಲನೆಯ ಅರ್ಥ, ಗುಣಿಸುವುದು ಎರಡನೆಯದು. ಅರ್ಥ ಎಷ್ಟು ದೂರ ಹೋಯಿತು ಎಂಬುದರಿಂದ ಪದ ಎರಡಾಗುವುದಿಲ್ಲ, ಮೂಲ ಬೇರೆಯಾದರೆ ಮಾತ್ರ ಎರಡಾಗುತ್ತದೆ.

ಎಳೆಯಿಂದ ಗುಣಾಕಾರ ಬಂದದ್ದು ಸಂಸ್ಕೃತಕ್ಕೆ ಮಾತ್ರ ಸಂಬಂಧಿಸಿದ ವಿಚಿತ್ರವೇನಲ್ಲ. ನಮ್ಮ ಅಚ್ಚಗನ್ನಡದ ‘ಮಡಿ’ಯನ್ನೇ ನೋಡಿ. ಬಟ್ಟೆಯನ್ನು ಮಡಿಸುವ ‘ಮಡಿ’ಯೇ ಇಮ್ಮಡಿ, ಮುಮ್ಮಡಿ, ಹತ್ತುಮಡಿಗಳಲ್ಲಿ ಪಟ್ಟು ಎಂಬ ಅರ್ಥವನ್ನು ಪಡೆದಿದೆ. ಇಂಗ್ಲಿಷಿನ ‘ಮಲ್ಟಿಪ್ಲೈ’ ಎಂಬ ಪದದ ಹಿಂದೆಯೂ ಮಡಿಸುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿದೆ. ನೂಲನ್ನು ಹೊಸೆಯುವುದು, ಬಟ್ಟೆಯನ್ನು ಮಡಿಸುವುದು, ಇಂಥ ಕೈಕೆಲಸಗಳಿಂದಲೇ ಬೇರೆ ಬೇರೆ ಭಾಷೆಗಳು ‘ಪಟ್ಟು’ ಎಂಬ ಕಲ್ಪನೆಯನ್ನು ಪಡೆದಿವೆ.

ಶಾಸನಾಭ್ಯಾಸಿ
ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ, ನಾಲ್ವಡಿ ಕೃಷ್ಣರಾಜ ಎಂಬಲ್ಲಿ ‘ಮಡಿ’ಗೆ ಪಟ್ಟು ಎಂಬ ಅರ್ಥವಿಲ್ಲ, ಎರಡನೆಯ, ಮೂರನೆಯ, ನಾಲ್ಕನೆಯ ಎಂಬ ಅರ್ಥವಿದೆ. ಅದನ್ನೂ ಗಮನಿಸಬೇಕು.

ಭಾಷಾಶಾಸ್ತ್ರದ ವಿದ್ಯಾರ್ಥಿನಿ
ಖಂಡಿತ. ಅಷ್ಟಾದರೂ ನೀವು ‘ಮಡಿ’ಯನ್ನು ಎರಡು ಪದಗಳೆಂದು ಒಡೆಯುವುದಿಲ್ಲವಲ್ಲ.

ವ್ಯಾಕರಣದ ಶಿಕ್ಷಕಿ
ಗುಣಸಂಧಿಯ ವಿಷಯವನ್ನು ಯಾರೂ ಎತ್ತಲಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ತರಗತಿಯಲ್ಲಿ ನಾವು ಹೇಳಿಕೊಡುವುದು ಇಷ್ಟು: ಅ ಅಥವಾ ಆಕಾರದ ಮುಂದೆ ಇ, ಈ ಬಂದರೆ ಏಕಾರವೂ, ಉ, ಊ ಬಂದರೆ ಓಕಾರವೂ, ಋಕಾರ ಬಂದರೆ ‘ಅರ್’ ಎಂಬುದೂ ಆದೇಶವಾಗಿ ಬರುತ್ತವೆ. ಸುರ ಮತ್ತು ಇಂದ್ರ ಸೇರಿ ಸುರೇಂದ್ರ, ಚಂದ್ರ ಮತ್ತು ಉದಯ ಸೇರಿ ಚಂದ್ರೋದಯ, ಮಹಾ ಮತ್ತು ಋಷಿ ಸೇರಿ ಮಹರ್ಷಿ. ಮಕ್ಕಳು ಇದನ್ನು ಉರು ಹೊಡೆಯುತ್ತಾರೆ, ಆದರೆ ಇದಕ್ಕೆ ‘ಗುಣ’ ಎಂಬ ಹೆಸರೇಕೆ ಎಂದು ಕೇಳಿದರೆ ಉತ್ತರ ಪುಸ್ತಕದಲ್ಲಿ ಇರುವುದಿಲ್ಲ.

ಪಾಣಿನಿಯ ಅಷ್ಟಾಧ್ಯಾಯಿಯ ಮೊದಲನೆಯ ಸೂತ್ರ ‘ವೃದ್ಧಿರಾದೈಚ್’, ಎರಡನೆಯದು ‘ಅದೇಙ್ ಗುಣಃ’. ಆ, ಐ, ಔ ಎಂಬ ಸ್ವರಗಳಿಗೆ ವೃದ್ಧಿ ಎಂದು ಹೆಸರು, ಅ, ಏ, ಓ ಎಂಬ ಸ್ವರಗಳಿಗೆ ಗುಣ ಎಂದು ಹೆಸರು. ಇಲ್ಲಿ ಗುಣವೆಂಬುದು ಆ ಸ್ವರಗಳ ಲಕ್ಷಣವಲ್ಲ, ಅವುಗಳಿಗೆ ಇಟ್ಟ ಸಂಜ್ಞೆ. ಇದರ ಸೊಗಸು ಗೊತ್ತಾಗುವುದು ನಮಗೆ ಬಳಕೆಯಲ್ಲಿರುವ ಪದಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ. ‘ವಿದ್ಯೆ’ಯಲ್ಲಿ ಇಕಾರ, ‘ವೇದ’ದಲ್ಲಿ ಅದು ಗುಣ ಪಡೆದು ಏಕಾರ, ‘ವೈದಿಕ’ದಲ್ಲಿ ವೃದ್ಧಿ ಪಡೆದು ಐಕಾರ. ‘ಬುದ್ಧ’, ‘ಬೋಧೆ’, ‘ಬೌದ್ಧ’ ಎಂಬಲ್ಲಿಯೂ ಉ, ಓ, ಔ ಎಂಬ ಅದೇ ಮೆಟ್ಟಿಲುಗಳು ಕಾಣುತ್ತವೆ. ಈ ಮೂರು ಪದಗಳನ್ನು ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆದು ಮೊದಲ ಅಕ್ಷರಗಳ ಕೆಳಗೆ ಗೆರೆ ಎಳೆದರೆ ಸಾಕು, ನಿಯಮ ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ.

ಕುತೂಹಲಿ
ಏಕಾರ ಓಕಾರಗಳು ಕೇಳಲು ಇಂಪಾಗಿವೆ, ಅಂದರೆ ‘ಒಳ್ಳೆಯ ಗುಣ’ ಇರುವ ಸ್ವರಗಳು ಎಂಬ ಕಾರಣಕ್ಕೆ ಆ ಹೆಸರು ಬಂದಿತು ಎಂದು ಎಲ್ಲೋ ಓದಿದ ನೆನಪು.

ವ್ಯಾಕರಣದ ಶಿಕ್ಷಕಿ
ಅದು ಹೆಸರನ್ನು ನೋಡಿ ಆಮೇಲೆ ಕಟ್ಟಿದ ವಿವರಣೆ. ಸೂತ್ರದಲ್ಲಿ ಇಂಪಿನ ಮಾತೇ ಇಲ್ಲ. ಪಾಣಿನಿ ಕಾರಣವನ್ನು ಕೊಡುವುದಿಲ್ಲ, ಈ ಸ್ವರಗಳಿಗೆ ಈ ಹೆಸರು ಎಂದು ಹೇಳಿ ಮುಂದೆ ಸಾಗುತ್ತಾನೆ.

ಭಾಷಾಶಾಸ್ತ್ರದ ವಿದ್ಯಾರ್ಥಿನಿ
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. 19ನೆಯ ಶತಮಾನದ ಯೂರೋಪಿನ ವಿದ್ವಾಂಸರು ಸಂಸ್ಕೃತವನ್ನು ಗ್ರೀಕ್, ಲ್ಯಾಟಿನ್ ಭಾಷೆಗಳೊಂದಿಗೆ ಹೋಲಿಸಿದಾಗ ‘ಗುಣ’, ‘ವೃದ್ಧಿ’ ಎಂಬ ಈ ಎರಡು ಪದಗಳನ್ನು ಅನುವಾದಿಸದೆ ಹಾಗೆಯೇ ತೆಗೆದುಕೊಂಡರು. ಆದ್ದರಿಂದ ಭಾಷಾವಿಜ್ಞಾನದ ಇಂಗ್ಲಿಷ್ ಪುಸ್ತಕಗಳಲ್ಲಿ ಇಂದಿಗೂ ‘ಗುಣ’ ಇದೆ.

ಆಯುರ್ವೇದ ವೈದ್ಯೆ
ನಮ್ಮ ಕ್ಷೇತ್ರದಲ್ಲಿ ಈ ಪದದಿಂದ ಆಗುವ ತೊಂದರೆ ನಿತ್ಯದ್ದು, ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ. ಆಯುರ್ವೇದವು ದ್ರವ್ಯವನ್ನು ರಸ, ಗುಣ, ವೀರ್ಯ, ವಿಪಾಕ, ಪ್ರಭಾವ ಎಂಬ ಐದು ನೆಲೆಗಳಲ್ಲಿ ಪರಿಶೀಲಿಸುತ್ತದೆ. ಅವುಗಳಲ್ಲಿ ಗುಣವೆಂದರೆ ಮುಖ್ಯವಾಗಿ ಹತ್ತು ಜೋಡಿಗಳಾಗಿ ನಿಂತ 20 ಲಕ್ಷಣಗಳು. ಗುರು ಮತ್ತು ಲಘು, ಶೀತ ಮತ್ತು ಉಷ್ಣ, ಸ್ನಿಗ್ಧ (ಜಿಡ್ಡು) ಮತ್ತು ರೂಕ್ಷ (ಒಣ), ಮಂದ ಮತ್ತು ತೀಕ್ಷ್ಣ, ಹೀಗೆ ಒಂದಕ್ಕೊಂದು ಎದುರಾದ ಜೋಡಿಗಳು. ಚರಕನ ಎಣಿಕೆಯಂತೆ ಇಂದ್ರಿಯವಿಷಯಗಳನ್ನೂ ಆತ್ಮಗುಣಗಳನ್ನೂ ಪರಾದಿಗುಣಗಳನ್ನೂ ಕೂಡಿಸಿದರೆ ಒಟ್ಟು 41 ಆಗುತ್ತವೆ.

ಈ ಪಟ್ಟಿಯಲ್ಲಿ ಯಾವುದೂ ತನ್ನಷ್ಟಕ್ಕೆ ತಾನು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ರೂಕ್ಷಗುಣ ಒಬ್ಬನಿಗೆ ಹಿತ, ಇನ್ನೊಬ್ಬನಿಗೆ ಅಹಿತ. ಆದರೆ ಓದುಗರು ‘ಈ ಮೂಲಿಕೆಯ ಗುಣಗಳು’ ಎಂಬ ತಲೆಬರಹವನ್ನು ಕಂಡರೆ ‘ಇದರಿಂದ ಆಗುವ ಪ್ರಯೋಜನಗಳು’ ಎಂದೇ ಓದಿಕೊಳ್ಳುತ್ತಾರೆ. ಒಂದು ಪ್ರಕಾಶನ ಸಂಸ್ಥೆಗೆ ನಾನು ಬರೆದುಕೊಟ್ಟ ಲೇಖನದಲ್ಲಿ ‘ಇದರ ಗುಣ ಉಷ್ಣ ಮತ್ತು ತೀಕ್ಷ್ಣ’ ಎಂದಿದ್ದುದನ್ನು ಸಂಪಾದಕರು ‘ಇದರ ಒಳ್ಳೆಯ ಗುಣವೆಂದರೆ ಉಷ್ಣತೆ ಮತ್ತು ತೀಕ್ಷ್ಣತೆ’ ಎಂದು ತಿದ್ದಿ ಅಚ್ಚು ಹಾಕಿದರು. ಪಿತ್ತಪ್ರಕೃತಿಯವರು ಅದನ್ನು ದೂರವಿಡಬೇಕು ಎಂಬ ಎಚ್ಚರಿಕೆ ಅದೇ ಪುಟದ ಕೆಳಗಿತ್ತು. ಓದಿದವರಿಗೆ ಎರಡೂ ಮಾತುಗಳು ಪರಸ್ಪರ ವಿರುದ್ಧವೆಂದು ತೋರಿದ್ದರಲ್ಲಿ ಆಶ್ಚರ್ಯವೇನಿದೆ? ಆದ್ದರಿಂದ ಅರ್ಥಕೋಶದಲ್ಲಿ ‘ವಸ್ತುವಿನ ಲಕ್ಷಣ’ ಎಂಬ ಅರ್ಥವನ್ನೂ ‘ಒಳ್ಳೆಯ ಲಕ್ಷಣ’ ಎಂಬ ಅರ್ಥವನ್ನೂ ದಯವಿಟ್ಟು ಬೇರೆ ಬೇರೆಯಾಗಿ ಕೊಡಿ.

ಪದಸಂಗ್ರಾಹಕ
ಹಾಗಿದ್ದರೆ ‘ಜ್ವರ ಗುಣವಾಯಿತು’ ಎಂಬಲ್ಲಿ ಯಾವ ಅರ್ಥ?

ಆಯುರ್ವೇದ ವೈದ್ಯೆ
ಅದು ಶಾಸ್ತ್ರದ ಪ್ರಯೋಗವಲ್ಲ, ಜನಬಳಕೆಯದು. ‘ಒಳ್ಳೆಯದು’ ಎಂಬ ಅರ್ಥದಿಂದ ‘ಒಳಿತಾಗು, ವಾಸಿಯಾಗು’ ಎಂಬ ಅರ್ಥ ಬೆಳೆದಿದೆ. ‘ಗುಣಮುಖ’ ಎಂಬುದೂ ಹಾಗೆಯೇ, ಒಳಿತಿನ ಕಡೆಗೆ ಮುಖ ಮಾಡಿದ್ದು. ಇನ್ನೂ ಪೂರ್ತಿ ವಾಸಿಯಾಗದೆ ಚೇತರಿಸಿಕೊಳ್ಳುತ್ತಿರುವವರನ್ನು ಕುರಿತು ಹೇಳಲು ಅದು ತುಂಬ ಸರಿಯಾದ ಪದ. ಪೂರ್ತಿ ವಾಸಿಯಾದವರಿಗೂ ಅದನ್ನೇ ಬಳಸಿ ಆ ಸೂಕ್ಷ್ಮವನ್ನು ನಾವು ಕಳೆದುಕೊಳ್ಳುತ್ತಿದ್ದೇವೆ ಎಂಬ ಬೇಸರ ನನಗಿದೆ.

ಕರಡು ತಿದ್ದುವವ
ವೈದ್ಯರು ಹೇಳಿದ ಕಾಯಿಲೆ ಪತ್ರಿಕೆಗಳ ಭಾಷೆಯಲ್ಲಿ ಇನ್ನೂ ಉಲ್ಬಣಿಸಿದೆ. ‘ಗುಣಾತ್ಮಕ ಶಿಕ್ಷಣ’ ಎಂದು ದಿನವೂ ಬರುತ್ತದೆ. ಗುಣಾತ್ಮಕ ಎಂಬುದು ಪರಿಮಾಣಾತ್ಮಕ ಎಂಬುದಕ್ಕೆ ಎದುರಾದ ಪದ. ರಸಾಯನವಿಜ್ಞಾನದಲ್ಲಿ ಒಂದು ದ್ರಾವಣದಲ್ಲಿ ಏನೇನಿದೆ ಎಂದು ಕಂಡುಹಿಡಿಯುವುದು ಗುಣಾತ್ಮಕ ವಿಶ್ಲೇಷಣೆ, ಎಷ್ಟೆಷ್ಟಿದೆ ಎಂದು ಅಳೆಯುವುದು ಪರಿಮಾಣಾತ್ಮಕ ವಿಶ್ಲೇಷಣೆ. ಸಮಾಜವಿಜ್ಞಾನದಲ್ಲಿ ಸಂದರ್ಶನ, ವೀಕ್ಷಣೆಗಳಿಂದ ನಡೆಸುವ ಸಂಶೋಧನೆ ಗುಣಾತ್ಮಕ. ಇಲ್ಲೆಲ್ಲಿಯೂ ‘ಉತ್ತಮ’ ಎಂಬ ಅರ್ಥವಿಲ್ಲ. ಉತ್ತಮ ಶಿಕ್ಷಣ ಎನ್ನಬೇಕಾದಲ್ಲಿ ಗುಣಾತ್ಮಕ ಶಿಕ್ಷಣ ಎಂದರೆ ಅದು ತಪ್ಪೇ. ಇನ್ನು ಕೆಲವರು ‘ಋಣಾತ್ಮಕ’ಕ್ಕೆ ವಿರುದ್ಧಪದವಾಗಿ ‘ಗುಣಾತ್ಮಕ’ ಎಂದು ಬರೆಯುತ್ತಾರೆ. ಅಲ್ಲಿ ಬೇಕಾದದ್ದು ‘ಧನಾತ್ಮಕ’.

ಅನುವಾದಕಿ
‘ತಪ್ಪೇ’ ಎಂದು ತೀರ್ಪು ಕೊಡುವ ಮೊದಲು ‘ಗುಣಮಟ್ಟದ ಶಿಕ್ಷಣ’ ಎಂಬುದನ್ನೂ ನೋಡಿ. ಗುಣಮಟ್ಟ ಎಂದರೆ ಗುಣದ ಮಟ್ಟ, ಅದು ಮೇಲಿರಬಹುದು, ಕೆಳಗಿರಬಹುದು. ಹಾಗಿದ್ದೂ ‘ಗುಣಮಟ್ಟದ’ ಎಂದರೆ ‘ಉತ್ತಮ ಗುಣಮಟ್ಟದ’ ಎಂದೇ ಎಲ್ಲರೂ ಅರ್ಥ ಮಾಡಿಕೊಳ್ಳುತ್ತಾರೆ, ನೀವೂ ಅದನ್ನು ತಿದ್ದುವುದಿಲ್ಲ. ‘ಗುಣವಂತ’ ಎಂದರೆ ಒಳ್ಳೆಯ ಗುಣವುಳ್ಳವನು, ‘ಗುಣಹೀನ’ ಎಂದರೆ ಕೆಟ್ಟವನು. ‘ಒಳ್ಳೆಯ’ ಎಂಬ ಅರ್ಥ ಗುಣದೊಳಗೆ ಸೇರಿಹೋಗಿ ಶತಮಾನಗಳೇ ಕಳೆದಿವೆ. ಪಂಪನು 941ರಲ್ಲಿ ಮುಗಿಸಿದ ಭಾರತದಲ್ಲಿ ಅರಿಕೇಸರಿಯನ್ನು ‘ಗುಣಾರ್ಣವ’ ಎಂದು ಕರೆದಾಗ ದುರ್ಗುಣಗಳ ಕಡಲು ಎಂದು ಯಾರಾದರೂ ತಿಳಿದರೇ? ಬಳಕೆಯ ಬಲವೇ ಹಾಗೆ.

ಕರಡು ತಿದ್ದುವವ
ಜನಬಳಕೆಯಲ್ಲಿ ಬಂದ ಅರ್ಥವನ್ನು ನಾನು ನಿರಾಕರಿಸುತ್ತಿಲ್ಲ. ‘ಗುಣಾತ್ಮಕ’ ಜನಬಳಕೆಯ ಪದವಲ್ಲ, ಶಾಸ್ತ್ರಕ್ಕಾಗಿಯೇ ಟಂಕಿಸಿದ ಪದ. ಒಂದು ಶಾಸ್ತ್ರಪದವನ್ನು ತಂದು ಅದಕ್ಕೆ ಬೇರೆ ಅರ್ಥವನ್ನು ತುಂಬಿದರೆ ಶಾಸ್ತ್ರದವನು ತನ್ನ ಪದವನ್ನು ಕಳೆದುಕೊಳ್ಳುತ್ತಾನೆ. ‘ಗುಣಾತ್ಮಕ ಅಧ್ಯಯನ’ ಎಂದು ಬರೆದರೆ ಓದುಗ ಈಗ ‘ಒಳ್ಳೆಯ ಅಧ್ಯಯನ’ ಎಂದು ತಿಳಿಯುತ್ತಾನೆ. ನಷ್ಟ ಯಾರಿಗೆ?

ಹಳಗನ್ನಡದ ಓದುಗ
‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯಲ್ಲಿ ಗುಣ ತಟಸ್ಥ, ಬಹುಪಾಲು ಕೆಟ್ಟದ್ದರ ಕಡೆಗೇ ವಾಲಿದೆ. ಆದ್ದರಿಂದ ಜನಬಳಕೆಯಲ್ಲಿ ‘ಒಳ್ಳೆಯ’ ಎಂಬುದೊಂದೇ ಅರ್ಥ ಉಳಿದಿದೆ ಎಂದೂ ಹೇಳುವಂತಿಲ್ಲ.

ಕವಿಗಳು ಈ ನಾನಾರ್ಥವನ್ನು ಹೇಗೆ ದುಡಿಸಿಕೊಂಡಿದ್ದಾರೆ ಎಂಬುದನ್ನು ಹೇಳದೆ ಈ ಚರ್ಚೆ ಪೂರ್ಣವಾಗದು. ಗುಣವೆಂದರೆ ಹೆದೆ ಮತ್ತು ಸದ್ಗುಣ, ಮಾರ್ಗಣವೆಂದರೆ ಬಾಣ ಮತ್ತು ಯಾಚಕ. ಈ ಎರಡು ಪದಗಳನ್ನು ಹೆಣೆದ ಒಂದು ಪ್ರಸಿದ್ಧ ಸಂಸ್ಕೃತ ಸುಭಾಷಿತ ರಾಜನನ್ನು ಕುರಿತು ಕೇಳುತ್ತದೆ: ಈ ಅಪೂರ್ವವಾದ ಬಿಲ್ಲುವಿದ್ಯೆಯನ್ನು ನೀನು ಎಲ್ಲಿ ಕಲಿತೆ, ಇಲ್ಲಿ ಮಾರ್ಗಣಗಳು ನಿನ್ನ ಬಳಿಗೆ ಬರುತ್ತವೆ, ಗುಣ ಮಾತ್ರ ದಿಗಂತಕ್ಕೆ ಹೋಗುತ್ತದೆ! ಸಾಮಾನ್ಯ ಬಿಲ್ಲಿನಲ್ಲಿ ಬಾಣ ದೂರ ಹೋಗಿ ಹೆದೆ ಕೈಯಲ್ಲಿ ಉಳಿಯುತ್ತದೆ. ಇಲ್ಲಿ ಯಾಚಕರು ಹತ್ತಿರ ಬರುತ್ತಾರೆ, ಕೀರ್ತಿ ದೂರ ಹಬ್ಬುತ್ತದೆ. ‘ಗುಣ’ವನ್ನು ಎರಡು ಪದವೆಂದು ಒಡೆದಿಟ್ಟ ಅರ್ಥಕೋಶ ಓದಿದ ವಿದ್ಯಾರ್ಥಿಗೆ ಈ ಸೊಗಸು ತಲುಪುವುದು ಕಷ್ಟ.

ಕಾವ್ಯಮೀಮಾಂಸೆಯ ಅಧ್ಯಾಪಕ
ಕಾವ್ಯದ ಮಾತು ಬಂದದ್ದರಿಂದ ಅಲ್ಲಿನ ‘ಗುಣ’ವನ್ನೂ ಸೇರಿಸಿಕೊಳ್ಳಿ. ಸಂಸ್ಕೃತದ ಅಲಂಕಾರಶಾಸ್ತ್ರಜ್ಞ ದಂಡಿ ಶ್ಲೇಷ, ಪ್ರಸಾದ, ಸಮತೆ, ಮಾಧುರ್ಯ ಮೊದಲಾದ ಹತ್ತು ಗುಣಗಳನ್ನು ಹೇಳಿದ. 9ನೆಯ ಶತಮಾನದ ಕವಿರಾಜಮಾರ್ಗ ಅದೇ ದಾರಿಯಲ್ಲಿ ನಡೆದು ಕನ್ನಡದ ಉದಾಹರಣೆಗಳನ್ನು ಕೊಟ್ಟಿತು. ಮುಂದೆ ಇನ್ನೊಬ್ಬ ಅಲಂಕಾರಶಾಸ್ತ್ರಜ್ಞ ಮಮ್ಮಟ ಅವುಗಳನ್ನು ಮಾಧುರ್ಯ, ಓಜಸ್ಸು, ಪ್ರಸಾದ ಎಂಬ ಮೂರಕ್ಕೆ ಇಳಿಸಿದ. ಸಂಖ್ಯೆಗಿಂತ ಮುಖ್ಯವಾದ ಬದಲಾವಣೆ ಇನ್ನೊಂದಿದೆ. ದಂಡಿಯಲ್ಲಿ ಗುಣ ಕಾವ್ಯಮಾರ್ಗದ ಪ್ರಾಣ, ಮಮ್ಮಟನಲ್ಲಿ ಅದು ರಸದ ಧರ್ಮ, ಶೌರ್ಯ ಮುಂತಾದವು ಆತ್ಮಕ್ಕೆ ಸೇರಿದಂತೆ. ಇಲ್ಲಿ ಗುಣಕ್ಕೆ ಎದುರುಪದ ದೋಷ. ಆದ್ದರಿಂದ ಅಲಂಕಾರಶಾಸ್ತ್ರದಲ್ಲಿ ಗುಣ ನಿಸ್ಸಂದೇಹವಾಗಿ ಒಳ್ಳೆಯದೇ.

ಮೀಮಾಂಸೆಯ ಓದುಗ
ಗುಣಕ್ಕೆ ‘ಅಪ್ರಧಾನವಾದದ್ದು’ ಎಂಬ ಅರ್ಥವೂ ಇದೆ. ವೈದಿಕ ಕರ್ಮಗಳನ್ನು ವಿಚಾರಿಸುವ ಪೂರ್ವಮೀಮಾಂಸೆಯಲ್ಲಿ ಪ್ರಧಾನ ಮತ್ತು ಗುಣ ಎಂದು ವಿಂಗಡಿಸುತ್ತಾರೆ. ಮುಖ್ಯ ಕರ್ಮ ಪ್ರಧಾನ, ಅದಕ್ಕೆ ಒದಗುವ ಅಂಗ ಗುಣ. ನಾವು ದಿನವೂ ಬಳಸುವ ‘ಗೌಣ’ ಎಂಬ ಪದ ಬಂದದ್ದು ಈ ಗುಣದಿಂದಲೇ. ಶಿಕ್ಷಕಿಯವರು ಹೇಳಿದ ವೃದ್ಧಿಯನ್ನು ನೆನಪಿಸಿಕೊಳ್ಳಿ, ಗುಣದ ಉಕಾರವು ಔಕಾರವಾಗಿ ಗೌಣವಾಗಿದೆ.

ಕುತೂಹಲಿ
‘ಇದು ಗೌಣ ವಿಷಯ’ ಎನ್ನುವಾಗ ಅದರೊಳಗೆ ಗುಣ ಅಡಗಿದೆ ಎಂದು ಎಂದೂ ಅನ್ನಿಸಿರಲಿಲ್ಲ. ಹಾಗೆಯೇ ‘ಗುನುಗು’, ‘ಗುಣುಗುಣಿಸು’ ಎಂಬುವೂ ಇದಕ್ಕೆ ಸೇರುತ್ತವೆಯೇ?

ಭಾಷಾಶಾಸ್ತ್ರದ ವಿದ್ಯಾರ್ಥಿನಿ
ಇಲ್ಲ. ಅವು ಧ್ವನಿಯನ್ನು ಅನುಕರಿಸಿ ಹುಟ್ಟಿದ ಪದಗಳು. ಅವುಗಳನ್ನು ಬೇರೆ ನಮೂದಾಗಿಯೇ ಕೊಡಬೇಕು.

ನೀತಿಶಾಸ್ತ್ರಪ್ರಿಯ
ರಾಜನೀತಿಯನ್ನು ಮರೆಯಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದ ‘ಷಾಡ್ಗುಣ್ಯ’ ಎಂದರೆ ಅನ್ಯರಾಜ್ಯಗಳೊಂದಿಗೆ ನಡೆದುಕೊಳ್ಳುವ ಆರು ಕ್ರಮಗಳು: ಸಂಧಿ (ಒಪ್ಪಂದ), ವಿಗ್ರಹ (ಯುದ್ಧ), ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಯುದ್ಧ ಹೂಡುವುದೂ ಅಲ್ಲಿ ಒಂದು ಗುಣ. ವೈಷ್ಣವ ಆಗಮಗಳಲ್ಲಿ ಷಡ್ಗುಣಗಳೆಂದರೆ ಜ್ಞಾನ, ಶಕ್ತಿ, ಬಲ, ಐಶ್ವರ್ಯ, ವೀರ್ಯ, ತೇಜಸ್ಸು. ಎರಡೂ ಕಡೆ ಆರೇ, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಜಿನವಾಣಿ
ಜೈನಸಿದ್ಧಾಂತದಲ್ಲಿ ಆತ್ಮದ ವಿಕಾಸದ 14 ಮೆಟ್ಟಿಲುಗಳಿಗೆ ‘ಗುಣಸ್ಥಾನ’ ಎಂದು ಹೆಸರು. ಮೊದಲನೆಯದು ಮಿಥ್ಯಾತ್ವ, ಅಂದರೆ ತಪ್ಪು ನಂಬಿಕೆಯ ಸ್ಥಿತಿ, ಕೊನೆಯದು ಅಯೋಗಕೇವಲಿ. ಮಿಥ್ಯಾತ್ವವೂ ಒಂದು ಗುಣಸ್ಥಾನವೇ ಆಗಿರುವುದರಿಂದ ಗುಣ ಎಲ್ಲೆಡೆಯೂ ‘ಒಳ್ಳೆಯದು’ ಎಂಬ ಅನುವಾದಕಿಯವರ ಮಾತನ್ನು ಇಲ್ಲಿ ಒಪ್ಪಲಾಗದು.

ಅನುವಾದಕಿ
ನಾನು ‘ಎಲ್ಲೆಡೆಯೂ’ ಎನ್ನಲಿಲ್ಲ, ಜನಬಳಕೆಯನ್ನು ಕುರಿತು ಹೇಳಿದೆ. ಶಾಸ್ತ್ರಗಳು ತಮ್ಮ ವ್ಯಾಖ್ಯೆಯನ್ನು ಇಟ್ಟುಕೊಳ್ಳಲಿ, ಅದರಲ್ಲಿ ತಕರಾರಿಲ್ಲ.

ಗಡಿಭಾಗದ ಕನ್ನಡಿಗ
ನೆರೆಯ ಭಾಷೆಗಳಲ್ಲಿ ಈ ಪದ ಇನ್ನೂ ಬೇರೆ ದಾರಿ ಹಿಡಿದಿದೆ. ಮರಾಠಿಯಲ್ಲಿ ಪರೀಕ್ಷೆಯ ಅಂಕಗಳಿಗೆ ‘ಗುಣ’ ಎನ್ನುತ್ತಾರೆ. ‘ಗಣಿತದಲ್ಲಿ ಎಷ್ಟು ಗುಣ ಬಂದವು’ ಎಂದು ಅಲ್ಲಿ ಕೇಳಿದರೆ ಎಷ್ಟು ಅಂಕ ಬಂದವು ಎಂದರ್ಥ. ಇನ್ನೂ ದೂರ ಹೋದರೆ, ಥಾಯ್ ಭಾಷೆಯಲ್ಲಿ ‘ನೀವು’ ಎಂಬ ಗೌರವದ ಸಂಬೋಧನೆಯಾದ ‘ಖುನ್’ ಈ ಗುಣವೇ, ಧನ್ಯವಾದ ಹೇಳುವ ಅವರ ಮಾತಿನಲ್ಲಿಯೂ ಇದೇ ಪದವಿದೆ. ಇಂಡೊನೇಷ್ಯಾದ ಭಾಷೆಯಲ್ಲಿ ‘ಗುನ’ ಎಂದರೆ ಉಪಯೋಗ.

ಜೀವಶಾಸ್ತ್ರದ ಉಪನ್ಯಾಸಕಿ
ಜೀವಶಾಸ್ತ್ರಕ್ಕೆ ಹೊಸ ಪದಗಳನ್ನು ಕಟ್ಟಿದವರಿಗೂ ಇದೇ ಪದ ನೆರವಾಗಿದೆ. ಕನ್ನಡದಲ್ಲಿ ಜೀನ್‌ಗೆ ‘ವಂಶವಾಹಿ’ ಎನ್ನುವಂತೆ ‘ಗುಣಾಣು’ ಎಂದೂ ಬರೆಯುವುದುಂಟು. ಕ್ರೋಮೊಸೋಮ್‌ಗೆ ನಾವು ‘ವರ್ಣತಂತು’ ಎಂದರೆ ಹಿಂದಿಯವರು ‘ಗುಣಸೂತ್ರ’ ಎನ್ನುತ್ತಾರೆ. ಕ್ರೋಮೊಸೋಮ್‌ಗಳ ಎರಡು ಜೊತೆಯಿರುವ ಕೋಶವನ್ನು ಅವರೇ ‘ದ್ವಿಗುಣಿತ’ ಎಂದು ಕರೆಯುತ್ತಾರೆ. ಒಂದೇ ಪಾಠದಲ್ಲಿ ಒಂದು ಕಡೆ ಗುಣ ಲಕ್ಷಣವಾಗಿದೆ, ಇನ್ನೊಂದು ಕಡೆ ಪಟ್ಟು ಆಗಿದೆ.

ಪದಸಂಗ್ರಾಹಕ
ಎಲ್ಲರಿಗೂ ಧನ್ಯವಾದಗಳು. ಒಂದೇ ಮುಖ್ಯಪದವಾಗಿ ಇಡಲು ನಿರ್ಧರಿಸಿದ್ದೇನೆ. ಮೊದಲು ಎಳೆ, ನೂಲು, ಹೆದೆ. ಅನಂತರ ಪಟ್ಟು ಮತ್ತು ಗುಣಿಸುವುದು. ಅನಂತರ ವಸ್ತುವಿನ ಲಕ್ಷಣ. ಅದರಿಂದ ಒಳ್ಳೆಯ ಲಕ್ಷಣ ಮತ್ತು ವಾಸಿಯಾಗುವುದು. ಅಪ್ರಧಾನ ಎಂಬ ಅರ್ಥ. ಕೊನೆಯಲ್ಲಿ ಆಯಾ ಶಾಸ್ತ್ರದ ಹೆಸರಿನೊಂದಿಗೆ ಪಾರಿಭಾಷಿಕ ಅರ್ಥಗಳು. ಉಳಿದಿರುವುದು ‘ಕಾಗುಣಿತ’. ಅದನ್ನು ಪಟ್ಟು ಎಂಬ ಅರ್ಥದ ಕೆಳಗೆ ಇಡಬಹುದೇ?

ಲೆಕ್ಕದ ಮೇಷ್ಟ್ರು
ಮಕ್ಕಳಿಗೆ ಎಲ್ಲಕ್ಕಿಂತ ಪರಿಚಿತವಾದ ಅರ್ಥವನ್ನು ಮೊದಲು ಕೊಡಿ ಎಂದು ಈಗಲೂ ಹೇಳುತ್ತೇನೆ. ಹೆದೆಯನ್ನೂ ನೂಲನ್ನೂ ಮೊದಲು ಕಂಡ ಹತ್ತನೆಯ ತರಗತಿಯ ಹುಡುಗ ತನಗೆ ಬೇಕಾದ ಅರ್ಥ ಇಲ್ಲಿಲ್ಲವೆಂದು ಪುಟ ಮಗುಚುತ್ತಾನೆ. ಚರಿತ್ರೆಯ ಕ್ರಮ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನಂತಹ ದೊಡ್ಡ ಕೃತಿಗಳಿಗೆ ಒಪ್ಪುತ್ತದೆ, ಶಾಲೆಯ ಅರ್ಥಕೋಶಕ್ಕೆ ಬಳಕೆಯ ಕ್ರಮವೇ ಸರಿ.

ಕಾಗುಣಿತವನ್ನು ಮಾತ್ರ ಧೈರ್ಯವಾಗಿ ಗುಣಾಕಾರದ ಜೊತೆಗೇ ಇಡಿ. ಪ್ರತಿಯೊಂದು ವ್ಯಂಜನವನ್ನೂ ಪ್ರತಿಯೊಂದು ಸ್ವರದೊಂದಿಗೆ ಕೂಡಿಸುವುದು ಎಂದರೆ ಅಕ್ಷರಶಃ ಗುಣಿಸುವುದೇ. 34 ವ್ಯಂಜನಗಳು, 13 ಸ್ವರಗಳು, ಒಟ್ಟು 442 ಅಕ್ಷರಗಳು. ಅನುಸ್ವಾರ ವಿಸರ್ಗಗಳನ್ನೂ ಸೇರಿಸಿದರೆ 510.

ವ್ಯಾಕರಣದ ಶಿಕ್ಷಕಿ
ತೆಲುಗಿನವರು ಅದನ್ನು ‘ಗುಣಿಂತಂ’ ಎನ್ನುತ್ತಾರೆ. ಮೇಷ್ಟ್ರ ಲೆಕ್ಕ ಸರಿ, ಆದರೆ ೠಕಾರವನ್ನು ಬಿಟ್ಟು ಎಣಿಸಿದ ಲೆಕ್ಕವೆಂದು ಅಡಿಯಲ್ಲಿ ಬರೆಯಿರಿ. ಹಳೆಯ ವರ್ಣಮಾಲೆಯನ್ನು ಕಲಿತವರು ಅದನ್ನು ಖಂಡಿತ ಕೇಳುತ್ತಾರೆ.

ಕರಡು ತಿದ್ದುವವ
‘ಗುಣಾತ್ಮಕ’ವನ್ನು ಯಾವ ಅರ್ಥದ ಕೆಳಗೆ ಇಡುತ್ತೀರಿ ಎಂದು ನೀವು ಹೇಳಲಿಲ್ಲ. ‘ವಸ್ತುವಿನ ಲಕ್ಷಣ’ದ ಕೆಳಗೆ ಮಾತ್ರ ಇಡಿ, ‘ಒಳ್ಳೆಯ ಲಕ್ಷಣ’ದ ಕೆಳಗೆ ಇಡಬೇಡಿ.

ಅನುವಾದಕಿ
ಎರಡರ ಕೆಳಗೂ ಇಡಿ, ಎರಡನೆಯದರ ಪಕ್ಕದಲ್ಲಿ ‘ಇತ್ತೀಚಿನ ಪತ್ರಿಕಾಬಳಕೆ’ ಎಂದು ನಮೂದಿಸಿ. ಮಗು ನಾಳೆ ಪತ್ರಿಕೆಯಲ್ಲಿ ಆ ಪದವನ್ನು ಓದಿ ಅರ್ಥಕೋಶವನ್ನು ತೆರೆದಾಗ ಉತ್ತರ ಸಿಗಬೇಕು.